ಐನೂರು ಕಡಲಹಂದಿಗಳ ಪ್ರಶ್ನೆ

ನಮ್ಮ ಕೂಟದ ಕಳೆದ ರಾಜ್ಯೋತ್ಸವದ ದಿನ, ಊಟದ ಸಾಲಿನ ಪಕ್ಕದ ಗೋಡೆಗೆ ಆರನೇ ತರಗತಿಯ ಹುಡುಗಿಯೊಬ್ಬಳು ತನ್ನ ಸ್ವೀಡಿಷ್ ಶಾಲೆಗಾಗಿ ಬರೆದ ದೊಡ್ಡ ಚಿತ್ರವೊಂದನ್ನು ಅಂಟಿಸಿದ್ದಳು. ಬೂದುಬಣ್ಣದ, ಮೊಂಡು ಮೂತಿಯ, ಬೆನ್ನ ಮೇಲೆ ತ್ರಿಕೋನಾಕಾರದ ರೆಕ್ಕೆಯಿರುವ ಒಂದು ಪ್ರಾಣಿ. ಕೆಳಗೆ ಸ್ವೀಡಿಷ್ ಭಾಷೆಯಲ್ಲಿ ‘ತುಮ್ಲಾರೆ’ ಎಂದೂ, ಬಾಲ್ಟಿಕ್ ಸಮುದ್ರದ ನಡುಭಾಗದಲ್ಲಿ ಸುಮಾರು ಐನೂರು ಮಾತ್ರ ಉಳಿದಿವೆ ಎಂದೂ ಬರೆದಿತ್ತು. ಕೈಯಲ್ಲಿ ಬಿಸಿಬೇಳೆ ಭಾತಿನ ತಟ್ಟೆ ಹಿಡಿದು ನಿಂತಿದ್ದ ಹಿರಿಯರೊಬ್ಬರು ಕೇಳಿದರು: “ಅಲ್ಲ ಪುಟ್ಟೀ, ಇದೇ ಪ್ರಾಣಿ ನಾರ್ವೆ ಕಡೆ, ಇಂಗ್ಲೆಂಡ್ ಕಡೆ ಲಕ್ಷಗಟ್ಟಲೆ ಇದೆಯಂತಲ್ಲ? ಇಲ್ಲಿ ಐನೂರು ಹೋದರೆ ಯಾರ ಗಂಟು ಹೋಯಿತು?” ಸುತ್ತಲಿದ್ದವರು ನಕ್ಕರು. ಹುಡುಗಿ, “ಹಾಗಲ್ಲ ಅಂಕಲ್, ಅವು ಬೇರೆ” ಎಂದಳು. ಹೇಗೆ ಬೇರೆ ಎಂದು ಹೇಳುವಷ್ಟರಲ್ಲಿ ಪಾಯಸ ಬಂತು.

ಆ ಹಿರಿಯರ ಪ್ರಶ್ನೆಯನ್ನು ತಮಾಷೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ವನ್ಯಜೀವಿ ರಕ್ಷಣೆಯ ಬಗ್ಗೆ ನಾವು ಆಡುವ ಒಳ್ಳೊಳ್ಳೆಯ ಮಾತುಗಳಲ್ಲಿ ಅರ್ಧಕ್ಕರ್ಧ ಆ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಅದಕ್ಕೆ ಈ ಸಂಚಿಕೆಯಲ್ಲಿ ಅದನ್ನೇ ಹಿಡಿದು ಸ್ವಲ್ಪ ಯೋಚಿಸೋಣ ಎನಿಸಿತು.

ಮೊದಲು ಪ್ರಾಣಿಯ ಪರಿಚಯ. ನಿಘಂಟು ತೆರೆದರೆ ಕನ್ನಡದಲ್ಲಿ ಇದಕ್ಕೆ ‘ಕಡಲಹಂದಿ’ ಎಂದಿದೆ. ಅವಮಾನವೆಂದು ತಿಳಿಯಬೇಕಾಗಿಲ್ಲ, ಡೇನರು ಇದನ್ನು ‘ಮಾರ್ಸ್ವೀನ್’ ಎನ್ನುತ್ತಾರೆ, ಅದಕ್ಕೂ ಕಡಲಹಂದಿ ಎಂದೇ ಅರ್ಥ, ಇಂಗ್ಲಿಷಿನ ‘ಪಾರ್ಪಾಯಿಸ್’ ಎಂಬ ಶಬ್ದವೂ ಲ್ಯಾಟಿನ್ನಿನ ಹಂದಿ ಮತ್ತು ಮೀನು ಸೇರಿ ಆದದ್ದು. (ಸ್ವೀಡಿಷ್ ಭಾಷೆಯಲ್ಲಿ ‘ಮಾರ್ಸ್ವೀನ್’ ಎಂದರೆ ಮಕ್ಕಳು ಗೂಡಿನಲ್ಲಿ ಸಾಕುವ ಗಿನಿಪಿಗ್. ಡೆನ್ಮಾರ್ಕಿನಲ್ಲಿ ಪೆಟ್ ಅಂಗಡಿ ಹುಡುಕುವವರು ಎಚ್ಚರವಾಗಿರಿ.) ತಿಮಿಂಗಿಲ, ಡಾಲ್ಫಿನ್‌ಗಳ ಬಳಗದ್ದು; ಆದರೆ ಆ ಬಳಗದಲ್ಲಿ ಬಹಳ ಚಿಕ್ಕದು. ಒಂದೂವರೆ ಮೀಟರಿನಿಂದ ಒಂದೂಮುಕ್ಕಾಲು ಮೀಟರ್ ಉದ್ದ, ಐವತ್ತು ಅರವತ್ತು ಕಿಲೋ ತೂಕ. ಹೆಣ್ಣು ಸುಮಾರು ಹತ್ತು ಹನ್ನೊಂದು ತಿಂಗಳು ಹೊತ್ತು ಒಂದೇ ಮರಿ ಹಾಕುತ್ತದೆ. ಸ್ವೀಡನ್ನಿನ ನೀರಿನಲ್ಲಿ ಕಾಯಂ ವಾಸವಾಗಿರುವ ತಿಮಿಂಗಿಲ ಜಾತಿಯ ಪ್ರಾಣಿ ಇದೊಂದೇ.

ಡಾಲ್ಫಿನ್‌ನಂತೆ ಇದು ನೆಗೆಯುವುದಿಲ್ಲ, ಹಡಗಿನ ಮುಂದೆ ಆಟವಾಡುವುದಿಲ್ಲ. ಉಸಿರಾಡಲು ಬೆನ್ನನ್ನು ಒಂದು ಕ್ಷಣ ಹೊರಳಿಸಿ ತೋರಿಸಿ ಮಾಯವಾಗುತ್ತದೆ. ಅಲೆ ಸ್ವಲ್ಪ ಎದ್ದರೂ ಕಾಣುವುದಿಲ್ಲ. ಅದರ ಲೋಕವೆಲ್ಲ ಶಬ್ದದ್ದು. ಸುಮಾರು 130 ಕಿಲೋಹರ್ಟ್ಸ್ ಮಟ್ಟದಲ್ಲಿ ಚಟಚಟನೆ ಸದ್ದು ಹೊರಡಿಸಿ, ಅದರ ಮಾರ್ದನಿಯಿಂದ ಮೀನನ್ನೂ ತಳವನ್ನೂ ತನ್ನ ಮರಿಯನ್ನೂ ಗುರುತಿಸುತ್ತದೆ. ನಮ್ಮ ಕಿವಿಗೆ 20 ಕಿಲೋಹರ್ಟ್ಸ್‌ಗಿಂತ ಮೇಲಿನದು ಕೇಳುವುದಿಲ್ಲ. ಅಂದರೆ ಇದನ್ನು ಕಣ್ಣಿನಿಂದಲೂ ಕಾಣಲಾರೆವು, ಕಿವಿಯಿಂದಲೂ ಕೇಳಲಾರೆವು.

ಹಾಗಾದರೆ ಐನೂರು ಎಂದು ಎಣಿಸಿದ್ದು ಹೇಗೆ? ಬಾಲ್ಟಿಕ್ ಸುತ್ತಲಿನ ಎಂಟು ದೇಶಗಳು ಸೇರಿ ‘ಸಾಂಬಾ’ ಎಂಬ ಯೋಜನೆಯಲ್ಲಿ ಸಮುದ್ರದೊಳಗೆ 304 ಕಡೆ ಶಬ್ದಗ್ರಾಹಕಗಳನ್ನು ಇಳಿಬಿಟ್ಟು, 2011ರ ಮೇ ತಿಂಗಳಿನಿಂದ 2013ರ ಏಪ್ರಿಲ್‌ವರೆಗೆ ಎರಡು ವರ್ಷ ಕಿವಿಗೊಟ್ಟು ಕುಳಿತವು. ಇದನ್ನು ನಡೆಸಿದ್ದು, ನಮ್ಮಲ್ಲಿ ಹಲವರು ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಕೋಲ್‌ಮೋರ್ಡೆನ್ ಮೃಗಾಲಯ. ಬಾಲ್ಟಿಕ್ ನಡುಭಾಗದ ಗುಂಪಿನಲ್ಲಿ ಸುಮಾರು ಐನೂರು ಇರಬಹುದೆಂದು ಲೆಕ್ಕ ಬಂತು. ವಿಜ್ಞಾನಿಗಳು ಪ್ರಾಮಾಣಿಕರು, ನೂರಕ್ಕೂ ಕಡಿಮೆ ಇರಬಹುದು, ಸಾವಿರದ ನೂರರಷ್ಟೂ ಇರಬಹುದು ಎಂದು ಅಂಚುಗಳನ್ನೂ ಹೇಳಿದರು. ಅದಕ್ಕಿಂತ ಅಚ್ಚರಿಯದು ಇನ್ನೊಂದು. ಓಲಂಡ್ ಮತ್ತು ಗೊಟ್ಲಂಡ್ ದ್ವೀಪಗಳ ದಕ್ಷಿಣಕ್ಕೆ, ತೆರೆದ ಕಡಲಿನಲ್ಲಿ, ಮಿಡ್‌ಶ್ಯೋ ದಿಬ್ಬಗಳೆಂದು ಕರೆಯುವ ಆಳವಿಲ್ಲದ ನೀರಿನ ಸುತ್ತ, ಬೇಸಿಗೆಯಲ್ಲಿ ಅವು ಸೇರುತ್ತವೆ. ಮರಿ ಹಾಕುವುದೂ ಜೊತೆಗೂಡುವುದೂ ಅಲ್ಲಿಯೇ ಎಂದು ಗೊತ್ತಾಯಿತು. ಅದಕ್ಕೆ ಮುಂಚೆ ಈ ಸಂಗತಿ ಯಾರಿಗೂ ತಿಳಿದಿರಲಿಲ್ಲ. 2016ರ ಡಿಸೆಂಬರಿನಲ್ಲಿ ಸ್ವೀಡನ್ ಸರ್ಕಾರ ಆ ಪ್ರದೇಶವನ್ನು ‘ಹೂಬುರ್ಗ್ ಮತ್ತು ಮಿಡ್‌ಶ್ಯೋ ದಿಬ್ಬಗಳು’ ಎಂಬ ಹೆಸರಿನಲ್ಲಿ ರಕ್ಷಿತ ಕ್ಷೇತ್ರವಾಗಿಸಿತು. ಹತ್ತು ಸಾವಿರದ ಐನೂರು ಚದರ ಕಿಲೋಮೀಟರ್. ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ತುಸು ದೊಡ್ಡದು.

ಬಾಲ್ಟಿಕ್ ಹೆಸರಿಗೆ ಸಮುದ್ರವೇ ಹೊರತು ಗುಣದಲ್ಲಿ ಅರ್ಧ ನದಿ. ಮಹಾಸಾಗರದಲ್ಲಿ ಸಾವಿರಕ್ಕೆ 35 ಪಾಲು ಉಪ್ಪಿದ್ದರೆ ಇಲ್ಲಿ ನಡುಭಾಗದ ಮೇಲ್ನೀರಿನಲ್ಲಿ ಏಳರ ಆಸುಪಾಸು. ಸುತ್ತಲಿನ ನೂರಾರು ನದಿಗಳ ನೀರೆಲ್ಲ ಇಲ್ಲಿ ಬಂದು ನಿಂತು, ಡೆನ್ಮಾರ್ಕಿನ ಇಕ್ಕಟ್ಟಾದ ಜಲಸಂಧಿಗಳ ಮೂಲಕ ನಿಧಾನವಾಗಿ ಹೊರಹೋಗುತ್ತದೆ. ಹಾಗಾಗಿ ಈ ಕಡಲಹಂದಿಗಳ ಪಾಡು ಹೊರಗಿನ ಕಡಲಿನ ಬಂಧುಗಳ ಪಾಡಿಗಿಂತ ನದಿಯ ಡಾಲ್ಫಿನ್‌ಗಳ ಪಾಡಿಗೇ ಹತ್ತಿರ. ಸಿಕ್ಕಿಬಿದ್ದ ನೀರು, ಸುತ್ತ ಜನ, ಜನರ ಬಲೆ, ಜನರ ಕೊಳೆ, ಓಡಿಹೋಗಲು ಜಾಗವಿಲ್ಲ.

ನದಿಯ ಡಾಲ್ಫಿನ್‌ಗಳ ಕಥೆ ನಮಗೆ ಅಷ್ಟಿಷ್ಟು ಗೊತ್ತು. ಚೀನಾದ ಯಾಂಗ್‌ಟ್ಸೆ ನದಿಯ ‘ಬೈಜಿ’ಯನ್ನು ಹುಡುಕಿಕೊಂಡು 2006ರಲ್ಲಿ ವಿಜ್ಞಾನಿಗಳು ಆರು ವಾರ ಹಡಗಿನಲ್ಲಿ ಹೋಗಿ ಬಂದರು, ಒಂದೂ ಸಿಗಲಿಲ್ಲ. 1980ರಿಂದ ವುಹಾನ್‌ನಲ್ಲಿ ಸಾಕಿದ್ದ ಚಿ ಚಿ ಎಂಬ ಒಂಟಿ ಗಂಡು 2002ರಲ್ಲೇ ಸತ್ತಿತ್ತು. ನಮ್ಮ ಗಂಗೆಯಲ್ಲಿ ಸ್ಥಿತಿ ಅಷ್ಟು ಕೆಟ್ಟಿಲ್ಲ. 1991ರಲ್ಲಿ ಬಿಹಾರದಲ್ಲಿ ವಿಕ್ರಮಶಿಲಾ ಅಭಯಾರಣ್ಯವಾಯಿತು. 2009ರಲ್ಲಿ ಗಂಗಾ ಡಾಲ್ಫಿನ್ ರಾಷ್ಟ್ರೀಯ ಜಲಚರವೆನಿಸಿತು. 2021ರಿಂದ 2023ರವರೆಗೆ ಗಂಗೆ, ಬ್ರಹ್ಮಪುತ್ರ, ಬಿಯಾಸ್ ನದಿಗಳಲ್ಲಿ ಎಣಿಸಿ 2025ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 6,327 ಸಿಕ್ಕವು. ಅವುಗಳಲ್ಲಿ ಸಿಂಧೂ ಡಾಲ್ಫಿನ್ ಮೂರೇ ಮೂರು, ಅವೂ ಬಿಯಾಸ್ ನದಿಯಲ್ಲಿ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಐನೂರು ಹೋದರೆ ಯಾರ ಗಂಟು ಹೋಯಿತು?

ಸಾಮಾನ್ಯವಾಗಿ ಕೊಡುವ ಮೊದಲ ಉತ್ತರ ಉಪಯೋಗದ್ದು. ಪ್ರಾಣಿಯಿಂದ ಸಮುದ್ರದ ಸಮತೋಲ, ಸಮತೋಲದಿಂದ ಮೀನು, ಮೀನಿನಿಂದ ನಾವು. ಅನೇಕ ಪ್ರಾಣಿಗಳ ವಿಷಯದಲ್ಲಿ ಇದು ನಿಜ. ಆದರೆ ಇಷ್ಟು ವಿಶಾಲವಾದ ಕಡಲಿನಲ್ಲಿ ಐನೂರು ಕಡಲಹಂದಿಗಳು ಹೆರಿಂಗ್ ತಿಂದರೆಷ್ಟು, ಬಿಟ್ಟರೆಷ್ಟು? ನಾಳೆ ಅವು ಇಲ್ಲವಾದರೆ ಐಕಾ ಅಂಗಡಿಯ ಮೀನಿನ ಬೆಲೆ ಒಂದು ಓರೆಯೂ ಏರುವುದಿಲ್ಲ. ಹಿಂದೆ ಇವುಗಳಿಂದ ಉಪಯೋಗವಿತ್ತು, ಅದೇ ಇವುಗಳಿಗೆ ಮುಳುವಾಯಿತು: ಡೆನ್ಮಾರ್ಕಿನ ಮಿಡಲ್‌ಫಾರ್ಟ್ ಊರಿನವರು ಜಲಸಂಧಿಯಲ್ಲಿ ಚಳಿಗಾಲದ ಹೊತ್ತಿಗೆ ಇವನ್ನು ಹಿಂಡುಹಿಂಡಾಗಿ ಅಟ್ಟಿಕೊಂಡು ಬಂದು ಕೊಂದು, ಕೊಬ್ಬು ಕಾಯಿಸಿ ದೀಪದ ಎಣ್ಣೆ ತೆಗೆಯುತ್ತಿದ್ದರು. ಉಪಯೋಗದ ತಕ್ಕಡಿ ನಂಬಿಕೆಗೆ ಅರ್ಹವಲ್ಲ. ಇಂದು ಉಳಿಸು ಎಂದ ನಾಲಿಗೆಯೇ ನಾಳೆ ಕಾಯಿಸು ಎನ್ನುತ್ತದೆ.

ಇಲ್ಲಿ ನಮ್ಮ ಅಶೋಕನನ್ನು ನೆನೆಯಬೇಕು. ‘ನಮ್ಮ’ ಎನ್ನಲು ಕಾರಣವುಂಟು: ದೇವಾನಾಂಪ್ರಿಯ ಎಂಬ ರಾಜ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನ 1915ರಲ್ಲಿ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅವನ ಐದನೆಯ ಸ್ತಂಭಶಾಸನ ಮಾತ್ರ ಉತ್ತರದ್ದು. ಕೊಲ್ಲಬಾರದ ಪ್ರಾಣಿಗಳ ಉದ್ದನೆಯ ಪಟ್ಟಿ ಅದರಲ್ಲಿದೆ; ‘ಗಂಗಾಪುಪುಟಕ’ ಎಂಬ ಹೆಸರೂ ಇದೆ. ಅದು ಗಂಗೆಯ ಡಾಲ್ಫಿನ್ ಎಂದು ಅನೇಕ ವಿದ್ವಾಂಸರ ಮತ. ಪಟ್ಟಿಯ ಕೊನೆಯಲ್ಲಿ, ಉಪಯೋಗಕ್ಕೂ ಬಾರದ, ತಿನ್ನಲೂ ಬಾರದ ನಾಲ್ಕು ಕಾಲಿನ ಪ್ರಾಣಿಗಳೆಲ್ಲವನ್ನೂ ಸೇರಿಸಿದ್ದಾನೆ. ಇದು ನನಗೆ ಬಹಳ ಹಿಡಿಸಿದ ಮಾತು. ಉಪಯೋಗವಿಲ್ಲದಿರುವುದೇ ಅಲ್ಲಿ ರಕ್ಷಣೆಗೆ ಕಾರಣ! ಕೊಲ್ಲಲು ನೆಪವೇ ಇಲ್ಲದಿದ್ದರೆ ಕೊಲ್ಲಬೇಡ ಎಂಬ ಸರಳ ನ್ಯಾಯ.

ಎರಡನೆಯ ಉತ್ತರ ದಯೆಯದು, ಅಹಿಂಸೆಯದು. ಬಲೆಗೆ ಸಿಕ್ಕ ಕಡಲಹಂದಿ ಮೀನಿನಂತೆ ನೀರಿನಲ್ಲೇ ಬದುಕಿರಲಾರದು. ಅದು ಮೇಲೆ ಬಂದು ಉಸಿರಾಡಬೇಕಾದ ಜೀವ. ಮೇಲೆ ಬರಲಾರದೆ ಉಸಿರುಗಟ್ಟಿ ಸಾಯುತ್ತದೆ. ಇದನ್ನು ಕೇಳಿ ಮನಸ್ಸು ಕಲಕದವರಿಲ್ಲ. ಆದರೆ ಗಮನಿಸಿ: ಉತ್ತರ ಸಮುದ್ರದಲ್ಲಿ ಮೂರು ಲಕ್ಷಕ್ಕಿಂತ ಹೆಚ್ಚು ಕಡಲಹಂದಿಗಳಿವೆ, ಅಲ್ಲಿ ಬಲೆಯಲ್ಲಿ ಸಾಯುವುದಕ್ಕೂ ಅಷ್ಟೇ ಸಂಕಟ. ದಯೆಗೆ ಎಲ್ಲ ಜೀವವೂ ಒಂದೇ. ದಯೆಯೊಂದೇ ಆಧಾರವಾದರೆ ಬಾಲ್ಟಿಕ್‌ನ ಐನೂರಕ್ಕೆ ವಿಶೇಷ ಹಕ್ಕು ಸಿಗುವುದಿಲ್ಲ.

ಇನ್ನೂ ಒಂದು ತೊಡಕಿದೆ, ಅದು ನಮ್ಮ ಮನೆಯದೇ. ನಮ್ಮ ಪರಂಪರೆ ಜೀವಗಳನ್ನು ಎಣಿಸಿತೇ ಹೊರತು ಜಾತಿಗಳನ್ನು ಎಣಿಸಿ ಕಾಪಾಡಲಿಲ್ಲ. ಜೀವ ಸಾಯುವುದಿಲ್ಲ, ಎಂಬತ್ತನಾಲ್ಕು ಲಕ್ಷ ಯೋನಿಗಳಲ್ಲಿ ತಿರುಗುತ್ತದೆ ಎಂದು ನಂಬಿದವರಿಗೆ, ಒಂದು ಯೋನಿ ಮುಚ್ಚಿದರೆ ಜೀವ ಇನ್ನೊಂದನ್ನು ಹಿಡಿಯುತ್ತದೆ, ಅಷ್ಟೇ ತಾನೇ? ಈ ವಾದವನ್ನು ನನ್ನೊಡನೆ ಗಂಭೀರವಾಗಿಯೇ ಮಾಡಿದವರಿದ್ದಾರೆ. ನಾನು ಆ ನಂಬಿಕೆಯೊಳಗೇ ನಿಂತು ಉತ್ತರಿಸಲು ನೋಡುತ್ತೇನೆ. ಒಂದೊಂದು ಯೋನಿಯೂ ಲೋಕವನ್ನು ಅನುಭವಿಸುವ ಒಂದೊಂದು ಬಗೆ. ಕತ್ತಲ ನೀರಿನಲ್ಲಿ ಬರೀ ಮಾರ್ದನಿಯಿಂದ ತಳದ ಮರಳನ್ನೂ ಮೀನನ್ನೂ ಮರಿಯನ್ನೂ ‘ನೋಡುವ’ ಅನುಭವ ಯಾವ ಮನುಷ್ಯನಿಗೂ ದೇವತೆಗೂ ಇಲ್ಲ. ಆ ಬಾಗಿಲನ್ನು ಎಂದೆಂದಿಗೂ ಮುಚ್ಚಿದರೆ ಅದು ಮುಂದೆ ಯಾವ ಜೀವಕ್ಕೂ ದಕ್ಕುವುದಿಲ್ಲ. ಬಾಗಿಲು ಕಟ್ಟಿದವರು ನಾವಲ್ಲ. ಮುಚ್ಚುವ ಅಧಿಕಾರ ನಮಗೆ ಯಾರು ಕೊಟ್ಟರು?

ಆದರೂ ಹಿರಿಯರ ಪ್ರಶ್ನೆ ಪೂರ್ತಿ ತೀರಲಿಲ್ಲ. ಬಾಗಿಲು ಮುಚ್ಚುತ್ತಿಲ್ಲವಲ್ಲ, ಅದೇ ಜಾತಿ ಬೇರೆ ಕಡೆ ಧಾರಾಳವಾಗಿದೆಯಲ್ಲ, ಎಂದಾರು. ಹುಡುಗಿ ಹೇಳಿದ “ಅವು ಬೇರೆ” ಎಂಬ ಮಾತು ಇಲ್ಲಿ ಬೇಕಾಗುತ್ತದೆ. ಬಾಲ್ಟಿಕ್ ನಡುಭಾಗದ ಗುಂಪು ವಂಶವಾಹಿಯಲ್ಲೂ ತಲೆಬುರುಡೆಯ ಆಕಾರದಲ್ಲೂ ಪಶ್ಚಿಮದವುಗಳಿಗಿಂತ ಬೇರೆ. ಉಪ್ಪು ಕಡಿಮೆಯ ನೀರಿಗೆ, ಹಿಮಗಟ್ಟುವ ಚಳಿಗಾಲಕ್ಕೆ, ಇಲ್ಲಿನ ಮೀನಿಗೆ ಹೊಂದಿಕೊಂಡು ಸಾವಿರಾರು ವರ್ಷ ಬಾಳಿದವು. ಓರೆಸುಂಡ್ ಜಲಸಂಧಿಯಲ್ಲಿರುವವು ಕೂಗಳತೆಯಲ್ಲೇ ಇದ್ದರೂ, ಇಲ್ಲಿ ಖಾಲಿಯಾದ ಜಾಗಕ್ಕೆ ಅವು ಬಂದು ತುಂಬಿಕೊಂಡಿಲ್ಲ. ಅಲ್ಲದೆ ‘ಬೇರೆ ಕಡೆ ಧಾರಾಳ’ ಎಂಬುದನ್ನೂ ನಂಬಿ ಕೂರುವಂತಿಲ್ಲ. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಆ ಪಶ್ಚಿಮದ ಗುಂಪು 2016ರ ಎಣಿಕೆಯಲ್ಲಿ ಸುಮಾರು 42,000 ಇತ್ತು. 2022ರ ಎಣಿಕೆಯಲ್ಲಿ ಸುಮಾರು 14,000. ಎಣಿಕೆಯಲ್ಲಿ ಹೆಚ್ಚುಕಡಿಮೆಯಾಗುವುದುಂಟು, ಆದರೂ ಇಳಿಜಾರು ಕಣ್ಣಿಗೆ ಕಾಣುವಂಥದ್ದೇ.

‘ಅದೇ ಜಾತಿ ಬೇರೆ ಕಡೆ ಇದೆ’ ಎಂಬ ಸಮಾಧಾನ ಎಷ್ಟು ಮೋಸದ್ದು ಎಂಬುದಕ್ಕೆ ನಮ್ಮ ಕಾವೇರಿಯೇ ಸಾಕ್ಷಿ. ಮಹಶೀರ್ ಮೀನಿನ ಹೆಸರು ನೀವೆಲ್ಲ ಕೇಳಿದ್ದೀರಿ. ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರನ್ನು ಗಾಳ ಹಾಕಿ ಹಿಡಿದಿದ್ದರು. ಒಂದು ಪೂರ್ತಿ ಬೆಳೆದ ಕಡಲಹಂದಿಯಷ್ಟು ಭಾರ! ಅದು ಕಾವೇರಿ ಮತ್ತು ಅದರ ಉಪನದಿಗಳಲ್ಲಷ್ಟೇ ಇರುವ, ಬೆನ್ನು ಗೂನಾದ ಜಾತಿ. ಮೀನು ಕಡಿಮೆಯಾಗುತ್ತಿದೆ ಎಂದು ಕಳವಳಗೊಂಡವರು ಒಳ್ಳೆಯ ಮನಸ್ಸಿನಿಂದಲೇ, ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅವು ಚೆನ್ನಾಗಿ ಬೆಳೆದವು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳಕ್ಕೆ ಸಿಗುವ ಮೀನುಗಳ ಸಂಖ್ಯೆ ಏರಿತು. ಎಲ್ಲರಿಗೂ ಸಂತೋಷ, ಮಹಶೀರ್ ಉಳಿಯಿತು ಎಂದು. ಕೊನೆಗೆ ಸಂಶೋಧಕರು ಗಾಳದವರ ಹಳೆಯ ಲೆಕ್ಕಪುಸ್ತಕಗಳನ್ನು ಬಿಡಿಸಿ ನೋಡಿದಾಗ, ಹೆಚ್ಚಿದ್ದೆಲ್ಲ ತಂದು ಬಿಟ್ಟ ಜಾತಿ, ಕಾವೇರಿಯ ಗೂನುಬೆನ್ನಿನದು ಸದ್ದಿಲ್ಲದೆ ಕರಗಿಹೋಗುತ್ತಿದೆ ಎಂದು ತಿಳಿಯಿತು. ತಮಾಷೆಯೆಂದರೆ, ಅಷ್ಟು ಹೆಸರುವಾಸಿಯಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದು ತೀರಾ ಅಪಾಯದಂಚಿನ ಪಟ್ಟಿಗೂ ಸೇರಿತು. ‘ಮಹಶೀರ್ ಇದೆಯಲ್ಲ’ ಎಂಬ ಒಂದು ಮಾತಿನ ಮರೆಯಲ್ಲಿ ಒಂದು ಮೀನು ಕಳೆದುಹೋಗುತ್ತಿತ್ತು.

ಇಲ್ಲಿಗೆ ಬಂದಾಗ ನಮ್ಮಂಥ ಕೂಟಗಳಲ್ಲಿ ಯಾರಾದರೂ ಎದ್ದು, ಕರ್ನಾಟಕದಲ್ಲಿ ಕೋಟಿಗಟ್ಟಲೆ ಕನ್ನಡಿಗರಿದ್ದಾರೆ, ಹಾಗೆಂದು ಸ್ವೀಡನ್ನಿನ ನಮ್ಮ ಮಕ್ಕಳು ಕನ್ನಡ ಬಿಟ್ಟರೆ ಏನೂ ನಷ್ಟವಿಲ್ಲವೇ, ಎಂದು ಹೋಲಿಸುವುದು ಖಂಡಿತ. ಹೋಲಿಕೆ ಚಪ್ಪಾಳೆ ಗಿಟ್ಟಿಸುತ್ತದೆ, ಆದರೆ ನಾನು ಅದನ್ನು ಪೂರ್ತಿ ಒಪ್ಪಲಾರೆ. ಭಾಷೆ ಬಿಟ್ಟ ಮಗು ಬದುಕಿರುತ್ತದೆ, ಮತ್ತೊಂದು ಭಾಷೆಯಲ್ಲಿ ನಗುತ್ತದೆ, ಮನಸ್ಸಾದರೆ ಮೂವತ್ತನೇ ವಯಸ್ಸಿನಲ್ಲಿ ಮತ್ತೆ ಕಲಿಯುತ್ತದೆ. ಕಡಲಹಂದಿಗೆ ಆ ಸೌಕರ್ಯವಿಲ್ಲ. ಪ್ರಾಣಿಯ ಸಾವನ್ನು ನಮ್ಮ ಅಳಲಿಗೆ ಉಪಮಾನವಾಗಿ ಬಳಸಿಕೊಳ್ಳುವುದು ಅದನ್ನು ಎರಡನೇ ಸಲ ದೀಪದೆಣ್ಣೆ ಮಾಡಿದಂತೆ.

ನನಗೆ ಬಲವಾಗಿ ಕಾಣುವ ಉತ್ತರ ಋಣದ್ದು. ದಾನ ಬೇರೆ, ಸಾಲ ತೀರಿಸುವುದು ಬೇರೆ. ದಾನ ಮಾಡುವವನು ಯಾರಿಗೆ, ಎಷ್ಟು ಎಂದು ಆರಿಸಿಕೊಳ್ಳಬಹುದು. ಸಾಲಗಾರ ಹಾಗೆ ಆರಿಸಲಾರ. ಯಾರಿಂದ ಪಡೆದನೋ ಅವರಿಗೇ ಕೊಡಬೇಕು. ಉತ್ತರ ಸಮುದ್ರದಲ್ಲಿ ಎಷ್ಟೇ ಕಡಲಹಂದಿ ಇದ್ದರೂ ಬಾಲ್ಟಿಕ್‌ನದರ ಸಾಲ ಅಲ್ಲಿ ತೀರುವುದಿಲ್ಲ. ಈ ಗುಂಪು ತಾನಾಗಿ ಕ್ಷೀಣಿಸಲಿಲ್ಲ. ಬೇಟೆಯ ಮಾತು ಆಗಲೇ ಬಂತು. 1940ರ ದಶಕದ ಕಡುಚಳಿಯಲ್ಲಿ ಸಮುದ್ರವೇ ಹೆಪ್ಪುಗಟ್ಟಿ ಉಸಿರಾಡಲು ಕಂಡಿಯಿಲ್ಲದೆ ಎಷ್ಟೋ ಸತ್ತವು. ಅದು ಪ್ರಕೃತಿಯದು, ಬಿಡಿ. ಆಮೇಲೆ ಬಂದದ್ದು ನಮ್ಮ ಕಾಲದ ವಿಷ. 1966ರಲ್ಲಿ ಸ್ಟಾಕ್‌ಹೋಮಿನ ರಸಾಯನಶಾಸ್ತ್ರಜ್ಞ ಸೋರೆನ್ ಯೆನ್ಸೆನ್ ಸ್ವೀಡನ್ನಿನ ಮೀನಿನಲ್ಲೂ ಹದ್ದಿನಲ್ಲೂ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ಸೇರಿಕೊಂಡಿರುವುದನ್ನು ಕಂಡುಹಿಡಿದರು. ಪಿಸಿಬಿ, ಡಿಡಿಟಿಗಳು ಬಾಲ್ಟಿಕ್‌ನ ಸೀಲ್‌ಗಳ ಗರ್ಭವನ್ನೇ ಕೆಡಿಸಿದವು, ಹದ್ದಿನ ಮೊಟ್ಟೆಗಳನ್ನು ಹಾಳುಮಾಡಿದವು. ಕೊಬ್ಬಿನಲ್ಲಿ ವಿಷ ಶೇಖರಿಸಿಕೊಳ್ಳುವ, ತಾಯಿಹಾಲಿನ ಮೂಲಕ ಮರಿಗೆ ದಾಟಿಸುವ ಕಡಲಹಂದಿಗೂ ಆ ಪಾಲು ಬಂತು. ಇದರ ಜೊತೆಗೆ, ಅಂದಿನಿಂದ ಇಂದಿನವರೆಗೆ, ಬಲೆ.

ಸಾಲ ತೀರಿಸಲು ಆಗುವುದೇ ಇಲ್ಲವೆಂದು ಕೈಚೆಲ್ಲುವವರಿಗೆ ಇದೇ ದೇಶದಲ್ಲಿ ಉತ್ತರವಿದೆ. ಆ ವಿಷಗಳನ್ನು ನಿಷೇಧಿಸಿದ ಮೇಲೆ ಬಿಳಿಬಾಲದ ಕಡಲಹದ್ದು ಮರಳಿ ಬಂತು. ಬೂದುಸೀಲ್ ಎಷ್ಟು ಹೆಚ್ಚಿದೆಯೆಂದರೆ ಮೀನುಗಾರರು ತಲೆ ಚಚ್ಚಿಕೊಳ್ಳುತ್ತಿದ್ದಾರೆ. ಕಡಲಹಂದಿಯನ್ನು ಸ್ವೀಡನ್ ರಕ್ಷಿತ ಪ್ರಾಣಿಯೆಂದು ಘೋಷಿಸಿದ್ದು 1973ರಲ್ಲಿ. ಐವತ್ತು ವರ್ಷ ಕಳೆದರೂ ಅದು ಮಾತ್ರ ಮರಳಲಿಲ್ಲ.

ಏಕೆಂದರೆ ಉಳಿದ ಕಾರಣ ಒಬ್ಬ ಖಳನಾಯಕನಲ್ಲ. ನೀರಿನಲ್ಲಿ ತೆಳ್ಳಗೆ ಗೋಡೆಯಂತೆ ನಿಲ್ಲಿಸುವ ಗಿಲ್‌ನೆಟ್ ಬಲೆಯಲ್ಲಿ ಇವು ಸಿಕ್ಕಿ ಸಾಯುತ್ತವೆ. ಆ ಬಲೆ ಹಾಕುವವನು ಸಣ್ಣ ದೋಣಿಯ, ಒಬ್ಬ ಮಗನನ್ನೋ ತಮ್ಮನನ್ನೋ ಜೊತೆಗಿಟ್ಟುಕೊಂಡ ಮೀನುಗಾರ. ಗಿಲ್‌ನೆಟ್ ಕಡಲತಳವನ್ನು ಉಳುವುದಿಲ್ಲ, ಸಣ್ಣ ಮರಿಮೀನನ್ನು ಹಿಡಿಯುವುದಿಲ್ಲ; ಟ್ರಾಲ್ ಬೋಟುಗಳಿಗೆ ಹೋಲಿಸಿದರೆ ಬಹಳ ಸೌಮ್ಯವಾದ ಬಲೆ ಎಂದು ಪರಿಸರವಾದಿಗಳೇ ಹೊಗಳುತ್ತಾರೆ. ದೊಡ್ಡ ಟ್ರಾಲ್‌ಗಳು ಹೆರಿಂಗನ್ನು ಟನ್ನುಗಟ್ಟಲೆ ಎತ್ತಿ ಕಡಲಹಂದಿಯ ಊಟವನ್ನೇ ಕಿತ್ತುಕೊಂಡರೂ ಅದರ ಮೈಮೇಲೆ ಗಾಯ ಕಾಣುವುದಿಲ್ಲ. ಶವ ಸಿಗುವುದು ಸಣ್ಣವನ ಬಲೆಯಲ್ಲಿ, ಅಪರಾಧಿಯಾಗಿ ಕಾಣುವುದೂ ಅವನೇ. ಮಂಗಳೂರು, ಮಲ್ಪೆ, ಕಾರವಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದಾಗ ಊರೊಟ್ಟಿಗೆ ಎಳೆಯುತ್ತಿದ್ದ ರಂಪಣಿ ಬಲೆಯವರ ಗತಿ ಏನಾಯಿತೆಂದು ಅವರು ಬಲ್ಲರು.

2020ರಲ್ಲಿ ಸಮುದ್ರಶೋಧನೆಯ ಅಂತರರಾಷ್ಟ್ರೀಯ ಮಂಡಳಿ ಐರೋಪ್ಯ ಒಕ್ಕೂಟಕ್ಕೆ ಕೊಟ್ಟ ಸಲಹೆಯ ತಾತ್ಪರ್ಯ, ಈ ಗುಂಪು ಉಳಿಯಬೇಕಾದರೆ ಬಲೆಯ ಸಾವು ಹೆಚ್ಚುಕಡಿಮೆ ಸೊನ್ನೆಗೆ ಇಳಿಯಬೇಕು ಎಂದು. ವರ್ಷಕ್ಕೆ ಒಂದು ಎಂದರೂ ಹೆಚ್ಚು. 2022ರಲ್ಲಿ ಒಕ್ಕೂಟ ಹಲವು ರಕ್ಷಿತ ಪ್ರದೇಶಗಳಲ್ಲಿ ಗಿಲ್‌ನೆಟ್ಟನ್ನು ಕೆಲವೆಡೆ ವರ್ಷವಿಡೀ, ಕೆಲವೆಡೆ ಋತುಮಾನಕ್ಕೆ ನಿಷೇಧಿಸಿತು. ಬಲೆಗೆ ಸದ್ದು ಮಾಡುವ ಪಿಂಗರ್ ಎಂಬ ಸಣ್ಣ ಸಾಧನ ಕಟ್ಟಿದರೆ ಕಡಲಹಂದಿ ದೂರ ಸರಿಯುತ್ತದೆ. ಆದರೆ ಅದನ್ನು ಎಲ್ಲೆಡೆ ಕಡ್ಡಾಯ ಮಾಡಹೊರಟಾಗ ಬಾಲ್ಟಿಕ್ ದೇಶಗಳ ರಕ್ಷಣಾ ವಿಭಾಗಗಳಿಂದ ಆಕ್ಷೇಪ ಬಂತು. ನೀರಿನೊಳಗಿನ ಸದ್ದನ್ನು ಆಲಿಸುವುದು ನೌಕಾಪಡೆಗೂ ಬೇಕಾದ ಕೆಲಸ. ಐನೂರು ಪ್ರಾಣಿಗಳ ಕಿವಿ ಒಂದು ಕಡೆ, ದೇಶದ ಕಿವಿ ಒಂದು ಕಡೆ. ಈಗಿನ ಕಾಲದಲ್ಲಿ ಯಾವುದು ಗೆಲ್ಲುತ್ತದೆಂದು ಕೇಳಬೇಕೆ!

ಮೀನುಗಾರನ ಹೊಟ್ಟೆಪಾಡಿನ ಮುಂದೆ ಪ್ರಾಣಿ ದೊಡ್ಡದೇ ಎಂದು ಕೇಳುವವರಿಗೆ ನಾನು ಚೀನಾದ ಉದಾಹರಣೆ ಕೊಡುತ್ತೇನೆ, ಹಾಗೆ ಮಾಡಿ ಎಂದಲ್ಲ. ಬೈಜಿ ಕಳೆದುಹೋದ ಮೇಲೆ, ಅದೇ ಯಾಂಗ್‌ಟ್ಸೆಯಲ್ಲಿ ಉಳಿದ ರೆಕ್ಕೆಯಿಲ್ಲದ ಕಡಲಹಂದಿಯನ್ನಾದರೂ ಉಳಿಸೋಣ, ನದಿಯನ್ನೂ ಉಳಿಸೋಣ ಎಂದು 2021ರ ಜನವರಿಯಿಂದ ಹತ್ತು ವರ್ಷ ಮೀನುಗಾರಿಕೆಯನ್ನೇ ನಿಲ್ಲಿಸಿದರು. 2017ರಲ್ಲಿ 1,012 ಇದ್ದದ್ದು 2022ರ ಎಣಿಕೆಯಲ್ಲಿ 1,249 ಆಯಿತು. ಆದರೆ ಎರಡು ಲಕ್ಷಕ್ಕೂ ಮಿಕ್ಕಿ ಮೀನುಗಾರರು ದೋಣಿ ಬಿಟ್ಟು ದಡ ಹತ್ತಬೇಕಾಯಿತು. ಫಲ ಬಂತು, ನಿಜ. ಬೆಲೆ ತೆತ್ತವರು ಯಾರು? ನದಿಗೆ ಅಣೆಕಟ್ಟು ಕಟ್ಟಿದವರಲ್ಲ, ಕಾರ್ಖಾನೆಯ ನೀರು ಬಿಟ್ಟವರಲ್ಲ.

ಋಣದ ಮಾತು ಆಡಿದ ಮೇಲೆ ಅದನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಪಿಸಿಬಿ ಬಂದದ್ದು ನಗರಗಳ ವಿದ್ಯುತ್ ಉಪಕರಣಗಳಿಂದ, ಬಣ್ಣಗಳಿಂದ, ಕಟ್ಟಡಗಳಿಂದ. ಸಮುದ್ರದ ತಳ ಉಸಿರುಗಟ್ಟಿದ್ದು ಹೊಲದ ಗೊಬ್ಬರ ಹರಿದು. ಇಲ್ಲಿ ಕಾಡ್ ಮೀನು ಕುಸಿದು 2019ರಿಂದ ಪೂರ್ವ ಬಾಲ್ಟಿಕ್‌ನಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಆ ಬಲೆಗಳು ನಿಂತದ್ದರಿಂದ ಕಡಲಹಂದಿಗೆ ಸ್ವಲ್ಪ ನೆಮ್ಮದಿ ಸಿಕ್ಕಿರಬಹುದು, ಆದರೆ ಒಬ್ಬನ ಹಸಿವಿನಿಂದ ಬಂದ ನೆಮ್ಮದಿ ಅದು. ಸೀಲೂ ಮುಟ್ಟದ, ಕಡಲಹಂದಿಯೂ ಸಿಗದ ಪಂಜರದಂಥ ಬೋನುಗಳನ್ನು ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯದವರು ಮಾಡಿ ನೋಡಿದ್ದಾರೆ. ಬಲೆಗಿಂತ ಅವಕ್ಕೆ ಖರ್ಚು ಜಾಸ್ತಿ, ಶ್ರಮ ಜಾಸ್ತಿ. ಆ ಖರ್ಚನ್ನು ದೋಣಿಯವನ ತಲೆಗೆ ಕಟ್ಟಬಾರದು. ತೆರಿಗೆಯಿಂದಲೋ ಮೀನಿನ ಬೆಲೆಯಿಂದಲೋ ನಗರದವರು ಹೊರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಲ ಎಲ್ಲರದಾದರೆ ಕಂತೂ ಎಲ್ಲರದು.

‘ನಗರದವರು’ ಎಂದೆ, ಅದರಲ್ಲಿ ನಾವೂ ಸೇರಿದೆವೇ? ನೌಕರಿಗಾಗಿ ಬಂದವರು, ಈ ಕಡಲಿಗೆ ವಿಷ ಹಾಕಿದವರು ನಾವಲ್ಲ, ನಮ್ಮ ಅಜ್ಜಂದಿರೂ ಅಲ್ಲ, ಎಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಮೇಲ್ನೋಟಕ್ಕೆ ನ್ಯಾಯವೇ. ಆದರೆ ನಾವು ಸೇರಿಕೊಂಡದ್ದು ಕಟ್ಟಿ ಮುಗಿಸಿದ ಮನೆಗೆ. ಆ ಕಾರ್ಖಾನೆಗಳ ಲಾಭದಿಂದ ಎದ್ದ ಶಾಲೆ, ಆಸ್ಪತ್ರೆ, ಪಿಂಚಣಿ ಎಲ್ಲದರಲ್ಲೂ ನಮ್ಮ ಪಾಲು ಕೇಳಿ ಪಡೆಯುತ್ತೇವೆ. ಆಸ್ತಿಯಲ್ಲಿ ಪಾಲು ಪಡೆದವನು ಮನೆಯ ಸಾಲದಲ್ಲಿ ಪಾಲಿಲ್ಲ ಎಂದರೆ ಊರಿನ ಪಂಚಾಯಿತಿ ಕಟ್ಟೆಯಲ್ಲಿ ಏನೆನ್ನುತ್ತಾರೆ ಎಂದು ನಿಮಗೇ ಗೊತ್ತು. ಊರಿನ ಕಡೆಗೂ ಇದೇ ಲೆಕ್ಕ. ತುಂಗಭದ್ರೆಯಲ್ಲಿ ನೀರುನಾಯಿಗಳಿಗಾಗಿ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು ಮೀಸಲಿಟ್ಟಿದ್ದಾರೆ. ಹಂಪಿಗೆ ಹೋದಾಗ ನಮ್ಮಲ್ಲಿ ಎಷ್ಟು ಜನ ಆ ನದಿಯತ್ತ ತಿರುಗಿ ನೋಡುತ್ತೇವೆ?

ಪುಣ್ಯಕೋಟಿಯ ಹಾಡನ್ನು ಮಕ್ಕಳಿಗೆ ಕಲಿಸುವಾಗ ನನಗೆ ಒಂದು ವಿಷಯ ಹೊಳೆಯುತ್ತದೆ. ಅಲ್ಲಿ ಹುಲಿಯೂ ಹಸುವೂ ಎದುರುಬದುರು ನಿಂತು ಮಾತಾಡುತ್ತವೆ, ಮುಖ ನೋಡುತ್ತವೆ, ಮಾತು ಕೊಡುತ್ತವೆ. ಹುಲಿಯ ಮನಸ್ಸು ಕರಗುವುದು ಅದರಿಂದ. ಕಡಲಹಂದಿ ನಮಗೆ ಮುಖ ತೋರಿಸುವುದಿಲ್ಲ, ಅದರ ಮಾತು ನಮ್ಮ ಕಿವಿಗೆ ಬೀಳುವುದಿಲ್ಲ, ಮರಳಿ ಬರುತ್ತೇನೆಂದು ಅದು ಯಾರಿಗೂ ಭಾಷೆ ಕೊಟ್ಟಿಲ್ಲ. ನಮ್ಮ ಹಳೆಯ ನೀತಿಕಥೆಗಳೆಲ್ಲ ಎದುರಾಗುವ ಪ್ರಾಣಿಗಳ ಬಗ್ಗೆ. ಎದುರಾಗದ ಪ್ರಾಣಿಯ ಬಗ್ಗೆ ಹೇಗೆ ನಡೆದುಕೊಳ್ಳಬೇಕೆಂದು ಮಕ್ಕಳಿಗೆ ಕಲಿಸಲು ನಮ್ಮಲ್ಲಿ ಕಥೆಯೇ ಇಲ್ಲ. ಬರೆಯಬಲ್ಲವರು ಯಾರಾದರೂ ಸಂಪಾದಕರಿಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುವುದಕ್ಕೆ ಅವರಿಗೂ ಸಂತೋಷವಾದೀತು.

2024ರ ಫೆಬ್ರುವರಿಯಲ್ಲಿ ಸಮರಕಂದದಲ್ಲಿ ಸೇರಿದ ವಲಸೆ ಪ್ರಾಣಿಗಳ ಅಂತರರಾಷ್ಟ್ರೀಯ ಸಮಾವೇಶ ಬಾಲ್ಟಿಕ್ ನಡುಭಾಗದ ಈ ಗುಂಪನ್ನು ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಗೆ ಸೇರಿಸಿತು. ಬೈಜಿಯ ಹೆಸರಿನಲ್ಲೂ ಕಾಗದ ಬೇಕಾದಷ್ಟಿತ್ತು ಎಂಬುದನ್ನು ಮರೆಯದಿದ್ದರೆ ಸಾಕು.

ಬೇಸಿಗೆಯಲ್ಲಿ ಕಡಲಹಂದಿ ನೋಡಲೇಬೇಕೆಂಬ ಮಕ್ಕಳಿದ್ದರೆ ಸ್ಕೋನೆಯ ಕುಲ್ಲಾಬೆರ್ಗ್ ಬಂಡೆಗಳ ಕಡೆಗೆ ಕರೆದುಕೊಂಡು ಹೋಗಿ. ಗಾಳಿಯಿಲ್ಲದ, ಕಡಲು ಕನ್ನಡಿಯಂತಿರುವ ದಿನ ಆರಿಸಿ. ಬೈನಾಕ್ಯುಲರ್ ಇರಲಿ, ತಾಳ್ಮೆಯೂ ಇರಲಿ. ಅಲ್ಲಿ ಕಾಣುವವು ಪಶ್ಚಿಮದ ಗುಂಪಿನವು. ಓಲಂಡ್ ಅಥವಾ ಗೊಟ್ಲಂಡ್ ಕಡೆ, ಪೂರ್ವದ ಕರಾವಳಿಯಲ್ಲಿ ಎಲ್ಲಾದರೂ ಒಂದು ಬೂದು ಬೆನ್ನು ಹೊರಳಿದ್ದು ಕಂಡರೆ ಅದು ಸಣ್ಣ ಸುದ್ದಿಯಲ್ಲ: ದಿನಾಂಕ, ಸಮಯ, ಜಾಗ ಬರೆದುಕೊಳ್ಳಿ, ಆದರೆ ಒಂದು ಫೋಟೋ ತೆಗೆಯಿರಿ, ಸ್ಟಾಕ್‌ಹೋಮಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯಕ್ಕೆ ತಿಳಿಸಿ. ದಡಕ್ಕೆ ಸತ್ತು ಬಿದ್ದದ್ದು ಕಂಡರೂ ತಿಳಿಸಬೇಕು. ಏಕೆ ಸತ್ತಿತೆಂದು ಕೊಯ್ದು ಪರೀಕ್ಷಿಸುವವರು ಉಪ್ಸಲಾದ ಪಶುವೈದ್ಯ ಸಂಸ್ಥೆಯಲ್ಲಿದ್ದಾರೆ.